ಮೈಕ್ ಆಫ್ ಆದ ಮೇಲೆ

"ಸಾರ್, ಧ್ವನಿ ಹೋಯ್ತು!"

ಸೌಂಡ್ ಎಂಜಿನಿಯರ್ ಕೂಗಿದಾಗ ನಿರ್ಮಾಪಕ ಕಾಫಿ ಲೋಟ ಕೆಳಗಿಟ್ಟ. ಸಂಜೆಯ ವಾರ್ತೆ, ನೇರ ಪ್ರಸಾರ. ಪರದೆಯ ಮೇಲೆ ವಾರ್ತಾವಾಚಕಿಯ ತುಟಿಗಳು ಆಡುತ್ತಿದ್ದವು. ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ಎಂಜಿನಿಯರ್ ಇದ್ದಬದ್ದ ಗುಂಡಿಗಳನ್ನೆಲ್ಲ ತಿರುಗಿಸಿದ. ಸ್ಪೀಕರಿನಲ್ಲಿ ಸ್ಟುಡಿಯೋದ ಎ.ಸಿ. ಗುಂಯ್‌ಗುಟ್ಟಿತು.

"ಮೈಕ್ ಸರಿಯಾಗೇ ಇದೆ ಸಾರ್." ಅವನ ಮುಖ ಬಿಳಿಚಿಕೊಂಡಿತು. "ಮೇಡಂ ಧ್ವನಿನೇ ಬಿಡ್ತಿಲ್ಲ."

ಹಟ, ಎಂದುಕೊಂಡ ನಿರ್ಮಾಪಕ. "ಕಟ್ ಮಾಡು. ಜಾಹೀರಾತು ಹಾಕು."

ಅವಳ ಬಾಯಿ ಅರ್ಧ ತೆರೆದಿದ್ದಂತೆಯೇ ಪರದೆಗೆ ಸಾಬೂನು ಬಂತು.

ಅವಳ ಮೇಲೆ ಅವನಿಗೆ ಗೌರವವಿಲ್ಲದಿರಲಿಲ್ಲ. ಹವಾಮಾನ ಓದಲು ಸೇರಿ ಸಂಜೆಯ ವಾರ್ತೆಗೇರಿದವಳು. ಜ್ವರ ಬಂದರೂ ರಜೆ ಹಾಕಿದವಳಲ್ಲ. ರಾಜಧಾನಿಯ ದೊಡ್ಡ ವಾಹಿನಿ ಕರೆದಾಗ, "ಅದನ್ನ ನಮ್ಮ ಕಡೆ ಯಾರೂ ನೋಡಲ್ಲ" ಎಂದು ಬಿಟ್ಟುಬಿಟ್ಟಳು. ಸಂಪಾದಕಿ ಮಾಡುತ್ತೇವೆಂದರೆ, ಕ್ಯಾಮೆರಾ ಮುಂದೆ ಕೂರಲು ಬಿಡುತ್ತೀರಾ ಎಂದು ಕೇಳಿ, ಇಲ್ಲವೆಂದದ್ದಕ್ಕೆ ಅದನ್ನೂ ಒಲ್ಲೆನೆಂದಳು. ಮೇಕಪ್ ಮಾಡುವವಳು ನಗುತ್ತಿದ್ದಳು: "ಮುಖಕ್ಕೆ ಏನಾದ್ರೂ ಬಳಿ ಅಂತಾರೆ. ತುಟಿಬಣ್ಣ ಮಾತ್ರ ಕಡುಕೆಂಪೇ ಆಗ್ಬೇಕು!"

ವಾರ್ತೆ ಮುಗಿದು ಮೈಕ್ ಆಫ್ ಆದ ಮೇಲೂ, ಮುಕ್ತಾಯದ ಸಂಗೀತ ನಿಲ್ಲುವವರೆಗೆ ಕ್ಯಾಮೆರಾ ವಾಚಕರ ಮೇಲೇ ಇರುತ್ತಿತ್ತು. ಉಳಿದವರು ಹಾಳೆ ಜೋಡಿಸುತ್ತ ಕಾಲ ತಳ್ಳುತ್ತಿದ್ದರು. ಅವಳು ಹಾಳೆ ಮುಟ್ಟುತ್ತಿರಲಿಲ್ಲ. ಕ್ಯಾಮೆರಾವನ್ನೇ ನೋಡುತ್ತ ತುಟಿ ಆಡಿಸುತ್ತಿದ್ದಳು. "ಮೇಡಂ ಅಭಿಮಾನಿಗಳಿಗೆ ಗುಟ್ಟು ಹೇಳ್ತಿದಾರೆ" ಎಂದು ಕ್ಯಾಮೆರಾದವರು ಆಡಿಕೊಳ್ಳುತ್ತಿದ್ದರು.

ಹೋದ ವಾರ ನಿರ್ಮಾಪಕ ಆ ಶಾಟ್ ತೆಗೆದು ಅಲ್ಲಿ ಜಾಹೀರಾತು ತುಂಬಿದ್ದ. ಅವಳು ಅವನ ಕೋಣೆಗೆ ಬಂದು ನಿಂತಿದ್ದಳು.

"ಮುಖ್ಯಾಂಶ ಬೇರೆಯವರು ಓದಲಿ ಸಾರ್. ದೊಡ್ಡ ಸಂದರ್ಶನ ಎಲ್ಲ ಅವರಿಗೇ ಕೊಡಿ. ಆ ಕೊನೇ ಶಾಟ್ ಒಂದು ನನಗೆ ಬಿಡಿ."

"ಮುಖ ತೋರಿಸೋ ಚಟ ಇಷ್ಟಿರಬಾರದಮ್ಮ. ಸುದ್ದಿ ಓದುವಾಗ ಕಾಣ್ತೀರಲ್ಲ, ಸಾಲದಾ?"

"ಸುದ್ದಿ ಎಲ್ಲರಿಗೂ ಸಾರ್," ಎಂದಳು. ಮುಂದೆ ಏನೋ ಹೇಳಲು ಹೋಗಿ, ನುಂಗಿಕೊಂಡಳು.

ಈಗ ಸ್ಟುಡಿಯೋದಿಂದ ಹೊರಬಂದವಳಿಗೆ, ನಾಳೆಯಿಂದ ಬರುವುದು ಬೇಡ ಎಂದ. ಅವಳು ಕೇಳಿದ್ದು ಒಂದೇ.

"ಕಟ್ ಆಗೋ ಮುಂಚೆ ಹೊರಗೆ ಎಷ್ಟು ಕಾಣಿಸ್ತು ಸಾರ್?"

"ನಮ್ಮ ಮಾನ ಹೋಗುವಷ್ಟು."

ಅವಳು ಅಲ್ಲೇ ಗೋಡೆಗೊರಗಿ, ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಕೆಲಸ ಹೋದದ್ದಕ್ಕೆ ಎಂದುಕೊಂಡ. ತನ್ನದು ಅತಿಯಾಯಿತೇನೋ ಎಂದು ಒಂದು ಗಳಿಗೆ ಅನ್ನಿಸಿತು. ಆದರೂ ಮುಖ ತಿರುಗಿಸಿ ನಡೆದ.

ಮರುದಿನ ಅವನ ಮೇಜಿನ ಫೋನ್ ಹೊಡೆದುಕೊಂಡಿತು. ಮುದುಕಿಯೊಬ್ಬಳ ಪಿಸುದನಿ.

"ವಾರ್ತೆ ಓದ್ತಾಳಲ್ಲ, ಅವಳು ನನ್ನ ಸೊಸೆ ಕಣಪ್ಪ. ಸೊಸೆಯಾಗಿದ್ದಳು. ನನ್ನ ಮಗ ಅವಳನ್ನ ಬಿಟ್ಟು ಮಗೂನ ತಾನೇ ಇಟ್ಕೊಂಡ. ತಾಯಿ ನೆರಳೂ ಸೋಕೋಕೆ ಬಿಡಲ್ಲ. ಸಂಜೆ ಅವನು ಬರೋದ್ರೊಳಗೆ ನಾನು ಟಿ.ವಿ. ಹಾಕ್ತೀನಿ. ಅದು ಅವಳಿಗೂ ಗೊತ್ತಿಲ್ಲ, ಪಾಪ. ಆ ಕೊನೇಲಿ ಬರ್ತಿತ್ತಲ್ಲ, ಅದನ್ನ ಯಾಕಪ್ಪ ತೆಗೆದ್ರಿ?"

"ಅಜ್ಜೀ, ಅಲ್ಲಿ ಧ್ವನಿನೇ ಇರ್ತಿರ್ಲಿಲ್ಲ."

"ನನ್ನ ಮೊಮ್ಮಗಳಿಗೆ ಹುಟ್ಟಿದಾಗಿಂದ ಕಿವಿ ಕೇಳಿಸಲ್ಲಪ್ಪ, ಅಮ್ಮನ ತುಟಿ ನೋಡೇ ಮಾತು ಕಲಿತ ಮಗು, ‘ನಿನ್ನೆ ಅಮ್ಮ ನನ್ನ ಹೆಸರು ಕರೆದ್ಲು, ಆಮೇಲೆ ಏನಂದ್ಲು?’ ಅಂತ ಬೆಳಗ್ಗೆಯಿಂದ ನನ್ನ ಗಲ್ಲ ಹಿಡ್ಕೊಂಡು ಕೇಳ್ತಿದೆ."