ಶುಕ್ರವಾರದ ಎರಡು ಲೋಟ

ಲೋಟ ಒಂದಲ್ಲ, ಎರಡಿದ್ದವು.

ಅಮೆರಿಕದ ಆ ಪಬ್ಬಿನಲ್ಲಿ ಬಾಗಿಲ ಪಕ್ಕದ ಮೂಲೆಯಲ್ಲಿ ಕುಳಿತಿದ್ದ ನೀಲಗಂಗಾ ಮಾಸ್ಕನ್ನು ಇನ್ನಷ್ಟು ಮೇಲಕ್ಕೆಳೆದುಕೊಂಡರು. ಕಿಟಕಿ ಬಳಿಯ ಮೇಜಿನಲ್ಲಿ ಕರಬಸಪ್ಪ ಒಬ್ಬರೇ ಇದ್ದರು. ಅವರ ಮಗ ಪವನ ಕಳಿಸಿದ್ದ ಫೋಟೊಗಳಲ್ಲಿದ್ದ ಅದೇ ದಪ್ಪ ಕನ್ನಡಕ, ಅದೇ ಬೂದು ಸ್ವೆಟರ್. ಮುಂದೆ ಬಿಯರಿನ ಒಂದು ತುಂಬಿದ ಲೋಟ, ಇನ್ನೊಂದು ಅರ್ಧ ತುಂಬಿದ್ದು. ಶಿವಕ್ಕ ಹೇಳಿದ್ದು ಸುಳ್ಳಾಗಿರಲಿಲ್ಲ.

“ಎಲ್ಲಾ ಛಲೋ ಐತಿ ನೀಲಾ,” ಎಂದಿದ್ದಳು ಗೆಳತಿ ಶಿವಕ್ಕ ಫೋನಿನಲ್ಲಿ. “ಡಾಕ್ಟರ್ ಮನಿತನ. ತಾಯಿ ಇಲ್ಲದಿದ್ರೂ ಪವನ ಬಂಗಾರದಂಥ ಹುಡುಗ. ಆದ್ರ ಅವರಪ್ಪ ಶುಕ್ರವಾರ ಬಂತಂದ್ರ ಫೇರ್‌ಫ್ಯಾಕ್ಸ್‌ನ ಹಿಂದಿನ ಓಣಿಯ ಪಬ್ಬಿಗೆ ಹೋಗತಾರಂತ. ನೋಡಿಕೊಂಡು ಹೂಂ ಅನ್ನು.”

ಸಂಬಂಧಕ್ಕೆ ಒಪ್ಪುವ ಮೊದಲು ಹಿರಿಯರೊಬ್ಬರು ಸದ್ದಿಲ್ಲದೆ ಹೋಗಿ ನೋಡಿ ಬರುವುದು ಅವರ ಕಡೆಯ ರೂಢಿ. ಕೊರೊನಾ ದೆಸೆಯಿಂದ ಈವರೆಗಿನ ಮಾತುಕತೆಯೆಲ್ಲ ಫೋನಿನಲ್ಲೇ ನಡೆದಿತ್ತು. ಹೌದೋ ಅಲ್ಲವೋ, ಇಂದು ಹೇಳಲೇಬೇಕು. ಮೊಮ್ಮಗಳು ಸ್ಮಿತಾಳಿಗೆ ಪವನ ಬೆಳಗಿನಿಂದ ಮೂರು ಸಲ ಫೋನ್ ಮಾಡಿದ್ದ. ಇಬ್ಬರದೂ ಒಂದೇ ಆಫೀಸು. ಈ ಮಾತು ಹುಟ್ಟಿದ್ದೇ ಅವರ ಊಟದ ಬಿಡುವಿನಲ್ಲಿ.

“ನಾನು ಒಳಗೆ ಬಂದ್ರೆ ಪವನ್ ಡ್ಯಾಡ್ ಗುರುತು ಹಿಡೀತಾರೆ, ಅಜ್ಜಿ. ಕಾರಲ್ಲೇ ವೇಟ್ ಮಾಡ್ತೀನಿ,” ಎಂದಿದ್ದಳು ಸ್ಮಿತಾ. “ಎರಡು ಸಲ ಸೀರೆ ಚೇಂಜ್ ಮಾಡಿದ್ಯಲ್ಲ, ಇನ್ನೂ ಯಾಕೆ ನರ್ವಸ್?”

“ನಿಮ್ಮವ್ವ ಏನಂತಾಳೋ.”

“ಅಮ್ಮ ಶಾಕ್ ಆಗ್ತಾಳೆ, ಆಮೇಲೆ ಓಕೆ ಆಗ್ತಾಳೆ. ನಿನಗೆ ಸರಿ ಅನ್ನಿಸಿದ್ರೆ ಸಾಕು.”

ಅದೇ ಭಾರವಾಗಿತ್ತು. ನೀಲಗಂಗಾ ಕೊಡೆಯ ಹಿಡಿಯನ್ನು ತಿರುಗಿಸುತ್ತ ಕುಳಿತರು. ತೀರಿಕೊಂಡ ಗಂಡ ಜೋಳದ ಡಬ್ಬಿಯಲ್ಲಿ ಬಾಟಲಿ ಹೂತಿಡುತ್ತಿದ್ದ. ರೊಟ್ಟಿಗೆಂದು ಹಿಟ್ಟು ಬೀಸಿಸಲು ಹೊರಟಾಗಲೆಲ್ಲ ಕೈಗೆ ತಣ್ಣಗೆ ಗಾಜು ತಾಕುತ್ತಿತ್ತು. ಕೇಳಿದರೆ ಆಣೆ ಮಾಡುತ್ತಿದ್ದ. ಆ ಬಾಳು ಸಾಕು. ಇನ್ನೊಮ್ಮೆ ಅಂಥ ಮನೆಯ ಹೊಸ್ತಿಲು ತುಳಿಯಬಾರದು.

ಪಬ್ಬು ಮಾತ್ರ ಅವರು ಅಂದುಕೊಂಡಂತಿರಲಿಲ್ಲ. ತಗ್ಗು ಚಾವಣಿ, ಸವೆದ ಮರದ ಬೆಂಚು, ಸುತ್ತಲಿನ ಊರುಗಳಲ್ಲೇ ತಯಾರಾದ ಏಲ್ ಎಂಬ ಬಿಯರುಗಳ ಹೆಸರು ಬರೆದ ಕರಿಹಲಗೆ. ಚಳಿ ಕಾಯಿಸುವ ಒಲೆಯ ಮುಂದೆ ಯಾರದೋ ಮುದಿ ನಾಯಿ ಮಲಗಿತ್ತು. ಬಿಯರಿನ ವಾಸನೆಗೆ ನೀಲಗಂಗಾ ಸೆರಗನ್ನು ಮಾಸ್ಕಿನ ಮೇಲೆ ಒತ್ತಿಕೊಂಡರು. ಬಡಿಸುವ ಹುಡುಗಿ ಅದನ್ನು ಗಮನಿಸಿರಬೇಕು. ಏನೂ ಕೇಳದೆ ಬಿಸಿನೀರಿಗೆ ನಿಂಬೆಹೋಳು ಹಾಕಿ ತಂದಿಟ್ಟು, ಬೀದಿಗಾಳಿ ಬರುವಂತೆ ಬಾಗಿಲನ್ನು ಒಂದಿಷ್ಟು ತೆರೆದಿಟ್ಟು ಹೋದಳು.

ಕರಬಸಪ್ಪ ತುಂಬಿದ ಲೋಟವನ್ನು ಎತ್ತಿದರು. ನೀಲಗಂಗಾ ಏಳಲು ಕೊಡೆ ಊರಿದರು. ನೋಡಿದ್ದು ಸಾಕು.

ಅಷ್ಟರಲ್ಲಿ ಒಳಗಿನಿಂದ ವಾಕರ್ ತಳ್ಳುತ್ತ ಬಿಳಿಕೂದಲಿನ ಅಮೆರಿಕನ್ ಮುದುಕರೊಬ್ಬರು ಬಂದು ಅದೇ ಮೇಜಿಗೆ ಕುಳಿತರು. ಅವರ ಎರಡೂ ಕೈ ಗಡಗಡ ನಡುಗುತ್ತಿದ್ದವು. ಕರಬಸಪ್ಪ ಲೋಟವನ್ನು ಅವರ ತುಟಿಗೆ ಹಿಡಿದರು. ಮಗುವಿಗೆ ಕುಡಿಸುವಂತೆ ಅಲ್ಲ. ಮಾತಾಡುತ್ತ, ನಗುತ್ತ, ಬೇರೆ ಯಾರಿಗೂ ಕಾಣದ ಹಾಗೆ ತಮ್ಮ ಬೆನ್ನನ್ನು ಅಡ್ಡಕೊಟ್ಟು. ಮೀಸೆಗಂಟಿದ ನೊರೆಯನ್ನು ಕರವಸ್ತ್ರದಿಂದ ಒರೆಸಿದರು.

ನೀಲಗಂಗಾ ಮತ್ತೆ ಕುಳಿತರು.

ಸ್ವಲ್ಪ ಹೊತ್ತಿಗೆ ಕರಬಸಪ್ಪ ಎದ್ದು ಅವರ ಬಳಿಗೇ ಬಂದರು. “ಇಳಕಲ್ ಸೀರಿ ನೋಡಿ ಬಂದೆ. ನಮ್ಮ ಕಡ್ಯಾವರೇನ್ರಿ? ಯಾರನ್ನರ ಕಾಯಾಕತ್ತೀರಿ?”

ಸುಳ್ಳು ನಾಲಿಗೆಗೆ ಬರಲಿಲ್ಲ. “ಇಲ್ರಿ. ಒಂದು ಸಂಬಂಧದ ವಿಚಾರ ಮಾಡಾಕ ಬಂದೀನಿ.”

“ಪಬ್ಬಿನಾಗ?”

“ಆ ಮನಿ ಹಿರ್ಯಾರು ಕುಡೀತಾರಂತ ಸುದ್ದಿ.”

ಕರಬಸಪ್ಪ ಕನ್ನಡಕ ತೆಗೆದು ನಿಧಾನವಾಗಿ ಒರೆಸಿದರು. “ಖರೇ ಸುದ್ದಿರಿ. ಶುಕ್ರವಾರ ಅರ್ಧ ಲೋಟ. ಮಗನಿಗೂ ಗೊತ್ತು, ಓಣಿಗೂ ಗೊತ್ತು.”

“ಬಿಡಾಕ ಆಗಂಗಿಲ್ಲೇನ್ರಿ?”

“ಬಿಯರ್ ನಾಳೆನ ಬಿಡತೀನ್ರಿ. ಡೆನಿಸ್‌ನ ಬಿಡಾಕ ಆಗಂಗಿಲ್ಲ.” ಅವರು ತಿರುಗಿ ಮೇಜಿನತ್ತ ನೋಡಿದರು. “ಈ ದೇಶಕ್ಕ ಬಂದ ವರ್ಷ ಹಿಮದಾಗ ಗಾಡಿ ಓಡಿಸಾಕ ಕಲಿಸಿದಾಂವ. ಈಗ ಕೈ ನಡುಗತಾವು. ಮನ್ಯಾಗ ಒಬ್ಬನ ಕುಂತು ಕುಡಿದ್ರ ಅದು ಔಷಧ ಇದ್ದಂಗ, ಇಲ್ಲಿ ಕುಡಿದ್ರ ಬಿಯರ್ ಅಂತಾನ. ಬರ್ರಿ, ಪರಿಚಯ ಮಾಡಿಸ್ತೀನಿ.”

“ಇವತ್ತ ಬ್ಯಾಡ್ರಿ.”

“ಹಂಗಾರ ಕುಂಡ್ರಿ. ನೋಡಾಕ ಬಂದವರು ಪೂರ್ತಿ ನೋಡಿಕೊಂಡ ಹೋಗಬೇಕು.” ಒಲೆಯ ಹತ್ತಿರದ ಮೆತ್ತನೆಯ ಕುರ್ಚಿಯನ್ನು ಅವರಿಗಾಗಿ ಎಳೆದಿಟ್ಟು, ಕರಬಸಪ್ಪ ಗೆಳೆಯನ ಬಳಿಗೆ ಮರಳಿದರು. ಯಾರೆಂದು ಗುರುತು ಹಿಡಿದರೋ ಇಲ್ಲವೋ, ಮುಖದಲ್ಲಿ ತೋರಗೊಡಲಿಲ್ಲ.

ನೀಲಗಂಗಾ ಆ ಕುರ್ಚಿಯಲ್ಲಿ ಕುಳಿತರು. ಮಾಸ್ಕನ್ನು ಆಗಾಗ ಸರಿಸಿ ನಿಂಬೆನೀರು ಪೂರ್ತಿ ಮುಗಿಸಿದರು. ಎರಡನೆಯ ಲೋಟದ ಬಿಯರು ಕರಬಸಪ್ಪ ಹೇಳಿದ ಅರ್ಧದಿಂದ ಕೆಳಗಿಳಿಯಿತೇ ಹೊರತು ಮತ್ತೆ ತುಂಬಲಿಲ್ಲ. ಡೆನಿಸ್‌ಗೆ ಕೋಟು ತೊಡಿಸಿ, ಗುಂಡಿ ಹಾಕಿ, ಕರಬಸಪ್ಪ ಅವರನ್ನು ಮೆಲ್ಲಗೆ ಕಾರಿಗೆ ಕರೆದೊಯ್ಯುವವರೆಗೂ ನೋಡಿದರು. ಈ ಮನುಷ್ಯನ ಜೋಳದ ಡಬ್ಬಿಯಲ್ಲಿ ಜೋಳವೇ ಇರುತ್ತದೆ.

ಹೊರಗೆ ಇನ್ನೂ ಬೆಳಕಿತ್ತು. ಕಾರಿನ ಬಾಗಿಲು ತೆಗೆಯುತ್ತಲೇ ಸ್ಮಿತಾಳ ಫೋನು ಮತ್ತೆ ಹೊಡೆದುಕೊಂಡಿತು.

“ಅಜ್ಜಿ, ಪವನ್! ಏನು ಹೇಳ್ಲಿ? ಯೆಸ್ ಆರ್ ನೋ?”

ನೀಲಗಂಗಾ ಮಾಸ್ಕ್ ಕಳಚಿ, ಫೋನನ್ನು ತಾವೇ ಇಸಿದುಕೊಂಡರು.

“ಪವನಾ, ನಿಮ್ಮಪ್ಪಗ ಹೇಳಪಾ, ನಮ್ಮಿಬ್ಬರ ಮದುವಿಗೆ ನನಗ ಇಳಕಲ್ ಸೀರಿನ ಸಾಕು, ಈ ವಯಸ್ಸಿಗೆ ರೇಷ್ಮಿ ಧಾರಿ ಸೀರಿ ಭಾರ ಆಗತೈತಿ.”