ಅತ್ತೆ ಆರಿಸಿದ ದಾನಿ

“ಕುಳ್ಳಿ ಬೇಡ, ಕಪ್ಪಗಿರೋಳು ಬೇಡ,” ಎಂದು ಅತ್ತೆ ಡಾಕ್ಟರ ಮೇಜಿನ ಮೇಲೆ ಬೆರಳು ಕುಟ್ಟಿದರು. “ಅಂಡಾಣು ಕೊಡೋಳು ಅಂದ್ರೆ ನಮ್ಮ ಮನೆತನಕ್ಕೆ ತಕ್ಕ ಹಾಗಿರಬೇಕು.”

ಸೊಸೆ ಪಕ್ಕದಲ್ಲಿ ಕುಳಿತಿದ್ದಳು. ಅವಳ ಅಂಡಾಶಯ ವಯಸ್ಸಿಗೆ ಮೊದಲೇ ಬರಿದಾಗಿತ್ತು. ಗಂಡನ ವೀರ್ಯವೂ ದುರ್ಬಲ ಎಂದು ಡಾಕ್ಟರು ಹೇಳಿದ್ದರು. ಆ ಮಾತು ಬಂದಾಗಲೆಲ್ಲ ಅತ್ತೆಯ ಕಿವಿ ಕೆಲಸ ನಿಲ್ಲಿಸಿಬಿಡುತ್ತಿತ್ತು. ಗಂಡ ಎಂಬ ಪ್ರಾಣಿ ಹೊರಗೆ ಕುಳಿತು ಮೊಬೈಲ್ ನೋಡುತ್ತಿತ್ತು.

ಡಾಕ್ಟರು ನಕ್ಕರು. “ಬಣ್ಣ, ಎತ್ತರದಿಂದ ಗರ್ಭ ನಿಲ್ಲಲ್ಲಮ್ಮ. ದಾನಿಯ ವಯಸ್ಸು ಮುಖ್ಯ. ಈಗ ಇಬ್ಬರಿದ್ದಾರೆ. ಒಬ್ಬಳಿಗೆ ಮೂವತ್ನಾಲ್ಕು, ಬೆಳ್ಳಗೆ, ಎತ್ತರ, ಎರಡು ಡಿಗ್ರಿ. ಇನ್ನೊಬ್ಬಳಿಗೆ ಇಪ್ಪತ್ತೆಂಟು, ಸಾಧಾರಣ ಬಣ್ಣ, ಗುಂಗುರು ಕೂದಲು, ಆಗಲೇ ಎರಡು ಮಕ್ಕಳ ತಾಯಿ. ಹೆಸರು ಮಾತ್ರ ಹೇಳೋ ಹಾಗಿಲ್ಲ.”

“ಮೊದಲನೆಯವಳೇ ಇರಲಿ,” ಎಂದಳು ಸೊಸೆ, ತಡಮಾಡದೆ.

ಕಿಟಕಿಯ ಪರದೆಯಿಂದ ಹಿಡಿದು ಕಾಲೊರೆಸುವ ಬಟ್ಟೆಯವರೆಗೆ, ಸೊಸೆ ಬೊಟ್ಟು ಮಾಡಿ ತೋರಿಸಿದ್ದನ್ನು ಅತ್ತೆ ಎಂದೂ ಒಪ್ಪಿದವರಲ್ಲ.

“ಇವಳ ಬುದ್ಧಿ ನೋಡಿ ಡಾಕ್ಟ್ರೇ. ಡಿಗ್ರಿ ಕಟ್ಕೊಂಡು ಏನು ಮಾಡೋದು? ಎರಡು ಹೆತ್ತವಳೇ ಇರಲಿ.”

ಹೊರಗೆ ಬಂದ ಮೇಲೆ ಅತ್ತೆ ಸೊಸೆಯ ತೋಳು ಹಿಂಡಿದರು. “ನಿನಗಿಂತ ಮೊದಲು ಸೊಸೆಯಾಗಿ ಬಂದವಳು ಬಂಜೆ. ಜುಟ್ಟು ಹಿಡಿದು ಬೀದಿಗೆ ಎಳೆದು ಹಾಕಿದೆ. ಇದೂ ಕೈಕೊಟ್ರೆ ನಿನ್ನ ಗತಿಯೂ ಅಷ್ಟೇ.”

“ಆಗಲಿ ಅತ್ತೆ,” ಎಂದಳು ಸೊಸೆ, ಹಲ್ಲು ಕಚ್ಚಿ. ಈ ಮುದುಕಿಯ ಸೊಕ್ಕು ಮುರಿಯದೆ ಬಿಡುವುದಿಲ್ಲ ಎಂದು ಅವಳು ಎಂದೋ ತೀರ್ಮಾನಿಸಿದ್ದಳು.

ಅಂದಿನಿಂದ ಅವಳು ಗರ್ಭ ನಿಲ್ಲಲು ಡಾಕ್ಟರು ಕೊಟ್ಟ ಮಾತ್ರೆಗಳನ್ನು ಕೋಣೆಯ ಬಾಗಿಲು ಹಾಕಿಕೊಂಡೇ ನುಂಗಿದಳು. ಒಳಗಿನಿಂದ ಪಿಸುಮಾತು ಕೇಳಿಸುತ್ತಿತ್ತು. ಮಾತ್ರೆ ಎಸೆದು ಮೋಸ ಮಾಡುತ್ತಿದ್ದಾಳೆಂದು ಅತ್ತೆಗೆ ಗುಮಾನಿ. ಕಸದ ಬುಟ್ಟಿ ಕೆದಕಿದರು. ಏನೂ ಸಿಗಲಿಲ್ಲ.

ಗರ್ಭ ನಿಂತಿತು. ಸ್ಕ್ಯಾನ್ ಪರದೆಯ ಮೇಲೆ ಡಾಕ್ಟರು ಬೆರಳಿಟ್ಟರು. “ಮಿಣುಕ್ತಾ ಇದೆಯಲ್ಲ, ಅದೇ ಎದೆಬಡಿತ.”

ಅತ್ತೆ ಕಣ್ಣೊರೆಸಿಕೊಂಡರು. “ಆ ಪುಣ್ಯಾತ್ಗಿತ್ತಿ ಯಾರೋ. ಅವಳ ಹೊಟ್ಟೆ ತಣ್ಣಗಿರಲಿ.”

ಸೊಸೆ ಆಸ್ಪತ್ರೆಯ ಅಂಗಳಕ್ಕೆ ಬಂದಳು. ತಾನೇ ಹುಡುಕಿ, ಕಾಡಿ ಬೇಡಿ ದಾನಕ್ಕೆ ಒಪ್ಪಿಸಿದ್ದವಳಿಗೆ, ಬಾಗಿಲು ಹಾಕಿಕೊಂಡು ದಿನವೂ ಪಿಸುಮಾತಾಡುತ್ತಿದ್ದವಳಿಗೆ, ಫೋನ್ ಮಾಡಿದಳು.

“ಅಕ್ಕಾ, ನಿಮ್ಮ ಹಳೇ ಅತ್ತೆ ನಿಮ್ಮನ್ನ ಬಾಯ್ತುಂಬ ಹರಸಿದ್ರು. ಮಗುಗೆ ನಿಮ್ಮ ಗುಂಗುರು ಕೂದಲೇ ಬರಲಿ. ಅವತ್ತು ಹಿಡಿದು ಎಳೆದ ಕೈ ಇನ್ಮೇಲೆ ಕೂತು ಬಾಚಲಿ.”