ಮರುಪಂದ್ಯದ ಮಾರನೇ ಬೆಳಿಗ್ಗೆ

ಹೋದ ವರ್ಷ ಗೆದ್ದಿದ್ದ ಹೆವಿವೇಟ್ ಬಾಕ್ಸರ್ ಜಯಶೀಲ, ನಿನ್ನೆಯ ಮರುಪಂದ್ಯದಲ್ಲಿ ಅದೇ ಎದುರಾಳಿಯ ಕೈಲಿ ಮಣ್ಣುಮುಕ್ಕಿದ್ದ. ಅಂದು ಅವನನ್ನು ಹೆಗಲ ಮೇಲೆ ಹೊತ್ತು ಊರೆಲ್ಲ ಮೆರೆಸಿದ್ದ ಮುನಿಕೃಷ್ಣ, ಇಂದು ಅವನಿದ್ದ ಆಸ್ಪತ್ರೆಯ ಎದುರಿನ ಟೀ ಅಂಗಡಿಯಲ್ಲಿ ಕರಿ ಆಯಿಲ್ ತುಂಬಿದ ಬಾಟಲಿ ಹಿಡಿದು ಕಾಯುತ್ತಿದ್ದ.

"ಆಚೆ ಬರಲಿ, ಮುಖಕ್ಕೆ ಬಳಿದೇ ಹೋಗೋದು. ಬೇಕಂತಲೇ ಸೋತಿದ್ದಾನೆ. ಅವನ ಎಡಗೈ ಏಟಿಗೆ ಹೆದರದೋರು ಯಾರಿದ್ದಾರೆ? ಆಮೇಲಾಮೇಲೆ ಆ ಕೈಯನ್ನೇ ಎತ್ತಲಿಲ್ಲವಲ್ಲ."

"ನಮ್ಮ ಮಾನ ಕಳೆದ," ಎಂದ ಜೊತೆಗಿದ್ದ ಅಭಿಮಾನಿಗಳಲ್ಲೊಬ್ಬ.

ಮೂಲೆಯ ಬೆಂಚಿನಲ್ಲಿ ತಲೆಗೆ, ಮುಖಕ್ಕೆ ಮಫ್ಲರ್ ಸುತ್ತಿಕೊಂಡು ಕೂತಿದ್ದ ದಢೂತಿ ಆಳೊಬ್ಬ ಟೀ ಲೋಟ ಕೆಳಗಿಟ್ಟ.

"ಮೂರನೇ ಸುತ್ತಿನಲ್ಲೇ ಆ ಕೈ ಮೂಳೆ ಮುರಿದಿತ್ತು. ಆದರೂ ಒಂಟಿ ಕೈಯಲ್ಲಿ ಕೊನೇತನಕ ನಿಂತ."

ಮುನಿಕೃಷ್ಣನಿಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಅವನ ಮುಂದೆ ಹೋಗಿ ನಿಂತ.

"ಯಾರಯ್ಯಾ ನೀನು? ಅವನ ಕಡೆಯೋನಾ?"

"ಅಲ್ಲ."

"ಮತ್ತೆ ವಕಾಲತ್ತು ಯಾಕೆ? ಮೂಳೆ ಮುರಿದಿದ್ದು ನಮಗ್ಯಾರಿಗೂ ಕಾಣಲಿಲ್ಲ, ನಿನಗೆ ಹೇಗೆ ಕಾಣಿಸ್ತು?"

"ಕಾಣಿಸಲಿಲ್ಲ, ಕೇಳಿಸ್ತು."

"ಇಡೀ ಗ್ಯಾಲರಿಗೆ ಕೇಳಿಸದ್ದು ನಿನ್ನೊಬ್ಬನ ಕಿವಿಗೆ ಬಿತ್ತಾ?" ಎಂದು ಮುನಿಕೃಷ್ಣ ಅವನ ಮಫ್ಲರಿಗೇ ಕೈಹಾಕಿದ. ಅಭಿಮಾನಿಗಳೆಲ್ಲ ಎದ್ದು ಸುತ್ತ ನೆರೆದರು.

ಆ ಮನುಷ್ಯ ಕೂತಲ್ಲಿಂದ ಏಳಲಿಲ್ಲ. ತಾನೇ ಮಫ್ಲರ್ ಬಿಚ್ಚಿ, ಊದಿ ನೀಲಿಗಟ್ಟಿದ ಹಣೆಯ ಮೇಲೆ ಬೆರಳಿಟ್ಟ.

"ಇಲ್ಲಿಗೆ ಹೊಡೆದಾಗಲೇ ಅವನ ಕೈ ಮುರಿದದ್ದು."